ಪಾಸ್ತೊದಲ್ಲಿ ಎಷ್ಟು ಕೇಳಿದರು

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಟಿಕೆಟ್ ಕೌಂಟರಿನಲ್ಲಿ ಕೂತಿದ್ದಾಗಲೇ ಬ್ರಾದ ಪಟ್ಟಿ ಕಿತ್ತುಬಂತು. ಎದುರಿಗೆ ಬುಗಾ ಊರಿಗೆ ಹೋಗುವವರ ಉದ್ದನೆಯ ಸಾಲು. ಒಂದು ಕೈಯಲ್ಲಿ ಎದೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚಿಲ್ಲರೆ ಕೊಟ್ಟೆ. ಕಾಲಿ ನಗರದ ಬಸ್ ನಿಲ್ದಾಣದಲ್ಲಿ ಇಷ್ಟು ವರ್ಷ ದುಡಿದವಳಿಗೆ ಇಂಥ ಸರ್ಕಸ್ ಹೊಸದಲ್ಲ. ಆದರೆ ನಿನ್ನೆ ಯಾಕೋ ಸಾಕಪ್ಪಾ ಸಾಕು ಅನ್ನಿಸಿತು. ನಲವತ್ತನಾಲ್ಕಕ್ಕೇ ಕತ್ತು ಮುಂದಕ್ಕೆ ಬಾಗಿದೆ. ಪಟ್ಟಿ ಕೂತು ಕೂತು ಭುಜದಲ್ಲಿ ಬೆರಳಿಡುವಷ್ಟು ಹಳ್ಳ ಬಿದ್ದಿದೆ. ಸೆಕೆಗೆ ಎದೆಯ ಕೆಳಗಿನ ಚರ್ಮ ಸುಲಿಯುತ್ತದೆ. ಪೌಡರು ಮೆತ್ತಿ ಮೆತ್ತಿ ಹಿಟ್ಟಿನಲ್ಲಿ ಹೊರಳಿಸಿದ ಮೀನಿನ ಹಾಗೆ ಆಗಿದ್ದೇನೆ. ಆರೋಗ್ಯ ವಿಮೆಯವರು ಮತ್ತೆ ಅದೇ ಹೇಳಿದರು, ಇದು ಸೌಂದರ್ಯದ ವಿಷಯ, ಕಾಯಿಲೆಯಲ್ಲ ಅಂತ. ಹಾಗೆಂದವನ ಕೊರಳಿಗೆ ಎರಡು ಕಲ್ಲಂಗಡಿ ಕಟ್ಟಿ ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಿಸಬೇಕು.

ಮಧ್ಯಾಹ್ನ ಎಂದಿನಂತೆ ಅಪ್ಪನ ರೆಕಾರ್ಡು ಹಾಕಿದೆ. ಅಪ್ಪ ಹೋಗಿ ಆರು ವರ್ಷವಾಯಿತು. ಆದರೂ ಭಾನುವಾರ ಸಾಲ್ಸಾ ಹಾಡು ಕೇಳದೆ ಈ ಮನೆಯಲ್ಲಿ ಅನ್ನ ಇಳಿಯುವುದಿಲ್ಲ. ಹಜಾರದ ಗೋಡೆಯುದ್ದಕ್ಕೂ ಅವನ ರೆಕಾರ್ಡುಗಳೇ. ಒಂದೊಂದನ್ನೂ ಅಂಚು ಹಿಡಿದು ಎತ್ತಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮಗುವನ್ನು ಮಲಗಿಸಿದ ಹಾಗೆ ಹಾಡಿನ ಪೆಟ್ಟಿಗೆಯ ಮೇಲೆ ಮಲಗಿಸುತ್ತಿದ್ದ. ಆಮೇಲೆ ನನ್ನ ಕೈ ಹಿಡಿದು ಒಂದು ಸುತ್ತು ಕುಣಿತ. ಬಿಳಿ ಬೂಟು, ಎಣ್ಣೆ ಹಚ್ಚಿದ ಕೂದಲು. ಬಾಗಿಲ ಮುಂದೆ ಗೆಳೆಯರ ಡಾಮಿನೊ ಮೇಜು. “ನನ್ನ ಜೋಯ್ಲಾ ಅಡುಗೆಮನೆಯಿಂದ ಹೊರಟ್ಲು ಅಂದ್ರೆ ಮೊದಲು ಅವೆರಡು ಬರ್ತವೆ, ಆಮೇಲೆ ಯಾವಾಗ್ಲೋ ಅವಳು ಬರ್ತಾಳೆ” ಅಂತ ಅಮ್ಮನ ಬಗ್ಗೆ ಹೇಳುತ್ತಿದ್ದ. ಇಡೀ ಬೀದಿ ನಗುತ್ತಿತ್ತು. ಅಮ್ಮನೂ ನಗುತ್ತಾ ಕಾಫಿ ಇಟ್ಟು ಒಳಗೆ ಹೋಗುತ್ತಿದ್ದಳು. ಎಂಥ ಲವಲವಿಕೆಯ ಮನುಷ್ಯ! ಮೂಲೆಮನೆಯ ಸಂಗ್ರಾಹಕ ಪ್ರತಿ ವರ್ಷ ರೆಕಾರ್ಡು ಕೊಡ್ತೀರಾ ಅಂತ ಬರುತ್ತಾನೆ. ನಾನು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತೇನೆ.

ಡಿಸೆಂಬರಿನಲ್ಲಿ ನಾತಿಯೆರಾ ಒಡೆಯುತ್ತದೆ. ಕೌಂಟರಿನ ನಾವೆಲ್ಲ ವರ್ಷವಿಡೀ ಕಟ್ಟಿ ಕ್ರಿಸ್‌ಮಸ್ಸಿಗೆ ಹಂಚಿಕೊಳ್ಳುವ ದುಡ್ಡು. ನನ್ನ ಪಾಲನ್ನು ನಾನು ಮೂರು ವರ್ಷದಿಂದ ಮುಟ್ಟಿಲ್ಲ. ತೊಂಬತ್ತು ಲಕ್ಷ ಪೆಸೊ ಆಗಬಹುದು, ಅಂದರೆ ಆರು ತಿಂಗಳ ಸಂಬಳ. ಎದೆ ಚಿಕ್ಕದು ಮಾಡಿಸಲು ಎಷ್ಟಾಗುತ್ತದೆಂದು ಕೇಳಿ ನೋಡುತ್ತೇನೆ. ಕೇಳುವುದಕ್ಕೇನು ದುಡ್ಡು ಕೊಡಬೇಕಾಗಿಲ್ಲವಲ್ಲ.

ಸೆಪ್ಟೆಂಬರ್ 11

ಮೂರು ಆಸ್ಪತ್ರೆಗೆ ಫೋನು ಮಾಡಿದೆ. ಮೊದಲನೆಯವಳ ಮೊದಲ ಪ್ರಶ್ನೆ:

“ಯಾವ ಸೈಜು ಹಾಕಿಸ್ಕೋಬೇಕು ಅಂತಿದೀರಾ ಮೇಡಂ?”

“ಹಾಕಿಸೋದಲ್ಲಮ್ಮ, ತೆಗೆಸೋದು.”

“ಓ, ಹಳೇ ಸಿಲಿಕಾನ್ ತೆಗೆಸೋದಾ?”

“ದೇವರು ಹಾಕಿದ್ದು ತೆಗೆಸೋದು.”

ಅವಳನ್ನು ಅಂದು ಪ್ರಯೋಜನವಿಲ್ಲ. ಈ ಊರಿನಲ್ಲಿ ಹದಿನೈದು ತುಂಬುವ ಹುಡುಗಿಯರು ಹುಟ್ಟುಹಬ್ಬದ ಉಡುಗೊರೆಗೆ ಎದೆ ದೊಡ್ಡದು ಮಾಡಿಸಿ ಅಂತ ಹಟ ಹಿಡಿಯುತ್ತಾರೆ. ಹಿಗ್ಗಿಸುವುದಕ್ಕೆ ತೊಂಬತ್ತು ಲಕ್ಷ, ಅದರ ಮೇಲೆ ಹಬ್ಬದ ರಿಯಾಯಿತಿ. ಕುಗ್ಗಿಸುವುದಕ್ಕೆ ಒಂದೂವರೆ ಕೋಟಿ, ರಿಯಾಯಿತಿ ಗಿಯಾಯಿತಿ ಏನೂ ಇಲ್ಲ. ಮೂರೂ ಕಡೆ ಹೆಚ್ಚುಕಡಿಮೆ ಅದೇ ಮಾತು. ಡಾಲರು ಇಟ್ಟುಕೊಂಡವರು ವಿಮಾನದಲ್ಲಿ ಬಂದು ಮಾಡಿಸಿಕೊಂಡು ಹೋಗುತ್ತಾರಂತೆ. ಅವರ ಲೆಕ್ಕದಲ್ಲಿ ನಮ್ಮ ದರ ಏರಿದೆ.

ಹತ್ತು ತಿಂಗಳ ಸಂಬಳ! ಆಗದ ಮಾತು.

ಸೆಪ್ಟೆಂಬರ್ 19

ಪಾಸ್ತೊ ಬಸ್ಸಿನ ಡ್ರೈವರ್ ಎವೇಲಿಯೊಗೆ ಮಾತ್ರ ಹೇಳಿದ್ದೆ. ಬೇರೆ ಊರಲ್ಲಿ ಎಷ್ಟು ಕೇಳುತ್ತಾರೆ, ಹೋದಾಗ ಒಂದು ಮಾತು ವಿಚಾರಿಸು ಅಂತ. ನಮ್ಮ ನಿಲ್ದಾಣದಲ್ಲಿ ಔಷಧಿ, ಕೋಳಿ, ಬೀಗದ ಕೈ, ಮುನಿಸಿಕೊಂಡ ಪ್ರೇಮಿಗಳ ಪತ್ರ, ಎಲ್ಲವೂ ಡ್ರೈವರುಗಳ ಕೈಯಲ್ಲೇ ಊರೂರಿಗೆ ಹೋಗುವುದು. ಇದೂ ಹಾಗೇ ಹೋಗುತ್ತದೆ ಅಂದುಕೊಂಡೆ. ಹೋಯಿತು, ಎಲ್ಲರ ಕೈಗೂ. ಒಳ್ಳೆಯ ಮನಸ್ಸಿನಿಂದಲೇ ಆ ಪುಣ್ಯಾತ್ಮ ಎಲ್ಲ ಮಾರ್ಗದವರಿಗೂ ಕೆಲಸ ಹಂಚಿದ್ದಾನೆ.

ಇವತ್ತು ಪೊಪಾಯಾನ್ ಬಸ್ಸಿನವನು ಚಕ್ರ ನಿಲ್ಲುವ ಮೊದಲೇ ಕಿಟಕಿಯಿಂದ ಕೂಗಿದ: “ಯಾನೆತಕ್ಕಾ! ಪೊಪಾಯಾನ್‌ನಲ್ಲಿ ಕೋಟಿ ಹತ್ತು ಲಕ್ಷ!” ಹಿಂದೆಯೇ ಪೆರೇರಾ ಬಸ್ಸಿನವನು: “ನಮ್ ಕಡೆ ಕೋಟಿ ಇಪ್ಪತ್ತು, ಆದ್ರೆ ಡಾಕ್ಟ್ರು ಬಾಳ ಚೆನ್ನಾಗಿದಾನಂತೆ, ನೋಡೋಕೆ!” ಸಾಲಿನಲ್ಲಿದ್ದ ಮುದುಕನೊಬ್ಬ ಗಾಬರಿಯಾಗಿ, “ಟಿಕೆಟ್ ದರ ಅಷ್ಟೊಂದಾಯ್ತೇನಮ್ಮಾ?” ಅಂದ. ನಾತಿಯೆರಾದ ಲೆಕ್ಕ ನೋಡಿಕೊಳ್ಳುವ ಮಾರಿತ್ಸಾ ಪಕ್ಕದ ಕೌಂಟರಿನಲ್ಲಿ ಮೇಜಿಗೆ ತಲೆಯಿಟ್ಟು ನಗುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನನಗೂ ನಗು ಬಂತು.

ಅಕ್ಟೋಬರ್ 6, ಭಾನುವಾರ

ಅಮ್ಮನಿಗೆ ಗೊತ್ತಾಗಿದೆ. ಯಾರು ಹೇಳಿದರೋ. ಅವಳ ಹಳೇ ಮಾರುಕಟ್ಟೆಯ ಗೆಳತಿಯರಿಗೆ ತಿಳಿಯದ ವಿಷಯ ಈ ಊರಲ್ಲಿ ಯಾವುದೂ ಇಲ್ಲ.

“ದೇವರು ಕೊಟ್ಟಿದ್ದನ್ನ ಕೊಯ್ಸಿ ಬಿಸಾಕ್ತೀಯಾ?” ಬಟಾಣಿ ಬಿಡಿಸುತ್ತಾ ಕೇಳಿದಳು, ಮುಖ ಎತ್ತದೆ. “ನಾನು ಅರವತ್ತೇಳು ವರ್ಷದಿಂದ ಹೊತ್ಕೊಂಡಿಲ್ವಾ?”

“ಹುಟ್ಟಿದ ದಿನದಿಂದಲೇ ಹೊತ್ತಿದ್ಯಾ?”

“ಬಾಯಿ ಮುಚ್ಚು. ನಿಮ್ಮಪ್ಪ ಇದ್ದಿದ್ರೆ ಇಂಥ ಮಾತು ಈ ಮನೇಲಿ ಬರ್ತಿರಲಿಲ್ಲ.”

ಹೌದು, ಅಪ್ಪ ಒಂದು ಜೋಕು ಹೊಡೆದು ಮಾತು ಮುಗಿಸಿಬಿಡುತ್ತಿದ್ದ.

ಆಮೇಲೆ ನಾನೂ ಒಂದು ಹಿಡಿ ಬಟಾಣಿ ಎತ್ತಿಕೊಂಡು ಬಿಡಿಸುತ್ತಾ ಅವಳನ್ನೇ ನೋಡಿದೆ. ಅಲಮೇದಾ ಮಾರುಕಟ್ಟೆಯಲ್ಲಿ ಅವಳ ಆಲೂಗೆಡ್ಡೆ ಅಂಗಡಿ ನೆನಪಾಯಿತು. ಶಾಲೆ ಮುಗಿಸಿ ನೇರ ಅಲ್ಲಿಗೇ ಓಡುತ್ತಿದ್ದೆ. ಚೀಲಗಳ ನಡುವೆ ಅವಳು ಕಾಲು ಚಾಚಿ ಕೂತರೆ ನಾನು ಅವಳ ಎದೆಗೊರಗಿ ನಿದ್ದೆ. ಮಣ್ಣು, ಬೆವರು, ಈರುಳ್ಳಿ, ಎಲ್ಲ ಕಲೆತ ಒಂದು ವಾಸನೆ. ನೋಟು, ಕರವಸ್ತ್ರ, ಮಾತೆ ಮರಿಯಳ ಚಿತ್ರ, ಅಂಗಡಿ ಬೀಗದ ಕೈ, ಎಲ್ಲ ಅವಳ ಎದೆಯೊಳಗೇ. ಗಿರಾಕಿಗೆ ಚಿಲ್ಲರೆ ಕೊಡಲು ಕೈ ಹಾಕಿದಾಗೆಲ್ಲ ನನಗೆ ಎಚ್ಚರವಾಗುತ್ತಿತ್ತು. ಬೆಚ್ಚಗಿನ ನಾಣ್ಯವೊಂದನ್ನು ನನ್ನ ಕೈಗಿಟ್ಟು ಮತ್ತೆ ಮಲಗಿಸುತ್ತಿದ್ದಳು. ಈಗಿನ ಯಾವ ಹಾಸಿಗೆಯಲ್ಲೂ ಅಂಥ ನಿದ್ದೆ ಬಂದಿಲ್ಲ. ಅದನ್ನೆಲ್ಲ ಬೇಡ ಅನ್ನಲು ಹೊರಟಿದ್ದೇನಾ ನಾನು? ಅಮ್ಮನಿಗೆ ಬೇಜಾರಾಗಿರುವುದು ಅದಕ್ಕೇ ಇರಬೇಕು.

ಪಾತ್ರೆ ತೊಳೆಯುವಾಗ ಸುಮ್ಮನೆ ಕೇಳುವ ಹಾಗೆ ಕೇಳಿದಳು: “ಪೂರ್ತಿ ನಿದ್ದೆ ಬರಿಸ್ತಾರಂತಾ? ತೆಗೆದದ್ದನ್ನ ಏನು ಮಾಡ್ತಾರಂತೆ?”

ಹೆದರಿಸಲು ಕೇಳುತ್ತಿದ್ದಾಳೆ. ನಾನು ತೊಳೆದ ಪಾತ್ರೆಗಳನ್ನು ಒರೆಸಿ ಎತ್ತಿಟ್ಟೆ.

ಅಕ್ಟೋಬರ್ 25

ಎವೇಲಿಯೊ ಪಾಸ್ತೊದ ದರ ತಂದ. ಕೂಗದೆ, ಕೌಂಟರಿಗೇ ಬಂದು, ಟೋಪಿ ತೆಗೆದು ಹೇಳಿದ. “ಎಂಬತ್ತು ಲಕ್ಷ, ತಂಗೀ. ಎಲ್ಲಾ ಸೇರಿ. ನನ್ನ ಹೆಂಡ್ತಿ ಚಿಕ್ಕಮ್ಮನ ಮಗಳು ಅಲ್ಲೇ ಮಾಡಿಸ್ಕೊಂಡಳು. ಈಗ ಸೈಕಲ್ ಹೊಡೀತಾಳೆ.”

ಮಾರಿತ್ಸಾ ಕಿಸಕ್ಕನೆ ನಕ್ಕಳು. “ಪಾಸ್ತೊದೋರಾ? ಎಡದ್ದು ತೆಗೀರಿ ಅಂದ್ರೆ ಬಲಗಿವಿ ತೆಗೆದುಬಿಟ್ಟಾರು!” ದಕ್ಷಿಣದ ಬೆಟ್ಟದೂರಾದ ಪಾಸ್ತೊದವರು ಮಂಕರು ಅನ್ನುವ ಜೋಕಿಗೆ ಈ ದೇಶದಲ್ಲಿ ಬರವಿಲ್ಲ. ನಾನೂ ನಕ್ಕೆ. ಮನೆಗೆ ಬಂದು ಅಮ್ಮನಿಗೂ ಅದೇ ಜೋಕು ಹೇಳಿದೆ, ಅಪ್ಪ ಹೇಳುತ್ತಿದ್ದ ಧಾಟಿಯಲ್ಲೇ, ಪಾಸ್ತೊದವರ ರಾಗ ಎಳೆದು.

ಅಮ್ಮ ಪಾಸ್ತೊ ಪಕ್ಕದ ಹಳ್ಳಿಯವಳು. ಹದಿನೇಳಕ್ಕೆ ಅಪ್ಪನ ಕೈ ಹಿಡಿದು ಬಂದವಳು ಮತ್ತೆ ಆ ಕಡೆ ಹೋಗಿಲ್ಲ. ಅವಳು ಬಾಯಿ ತೆರೆದಾಗೆಲ್ಲ ಅಪ್ಪ ಅಣಕಿಸುತ್ತಿದ್ದ. “ಇವಳೊಳಗಿನ ಪಾಸ್ತೊ ತೆಗೆಯೋಕೆ ನಂಗೆ ಎರಡು ವರ್ಷ ಹಿಡೀತು” ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಈಗ ಅಮ್ಮನ ಮಾತು ಕೇಳಿದರೆ ಕಾಲಿಯಲ್ಲೇ ಹುಟ್ಟಿದವಳು ಅನ್ನಬೇಕು.

ಅವಳು ನಗಲಿಲ್ಲ. “ಪಾಸ್ತೊದಲ್ಲಿ ಎಷ್ಟು ಕೇಳಿದ್ರು ಅಂದೆ?” ಅಂದಳು.

“ಎಂಬತ್ತು ಲಕ್ಷ.”

“ನಾನೂ ಬರ್ತೀನಿ. ನೀನೊಬ್ಬಳೇ ಹೋದ್ರೆ ಟೋಪಿ ಹಾಕ್ತಾರೆ.”

ನವೆಂಬರ್ 15, ಪಾಸ್ತೊ

ಎವೇಲಿಯೊ ಮುಂದಿನ ಸೀಟು ಕೊಟ್ಟಿದ್ದ. ದಾರಿಯುದ್ದಕ್ಕೂ ಅಮ್ಮ ಹೊರಗಿನ ಬೆಟ್ಟಗಳನ್ನೇ ನೋಡುತ್ತಿದ್ದಳು. ಬಸ್ಸಿನಿಂದ ಇಳಿದು ಮೊದಲ ಗಾಳಿ ಬೀಸಿದ್ದೇ, “ಅಚ್ಚಿಚಾಯ್!” ಎಂದು ಚೀರಿದಳು. ಇಲ್ಲಿನವರು ಚಳಿಯಾದಾಗ ಹಾಗೆ ಅನ್ನುತ್ತಾರೆ. ಅವಳ ಬಾಯಲ್ಲಿ ನಾನು ಅದನ್ನು ಕೇಳಿದ್ದು ಇದೇ ಮೊದಲು. ಚೌಕದಲ್ಲಿ ಹೆಂಗಸೊಬ್ಬಳು ಮಂಜುಗಡ್ಡೆಯ ಮೇಲೆ ತಾಮ್ರದ ಬಾಣಲೆ ಗಿರಗಿರನೆ ತಿರುಗಿಸಿ ಐಸ್‌ಕ್ರೀಮು ಮಾಡುತ್ತಿದ್ದಳು. ಅಮ್ಮ ಆ ಚಳಿಯಲ್ಲೂ ಎರಡು ಕೊಂಡು ಎರಡನ್ನೂ ತಾನೇ ತಿಂದಳು. ಅವಳ ಅಜ್ಜಿ ಹೀಗೇ ಮಾಡುತ್ತಿದ್ದಳಂತೆ, ತಿರುಗಿಸುವ ಕೆಲಸ ಇವಳದಂತೆ. ಮುಖ ನೋಡಿದರೆ ಎಂಟು ವರ್ಷದ ಹುಡುಗಿ.

ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ತಪಾಸಣೆ ಮಾಡಿದರು, ಕಲೆ ಎಲ್ಲಿ ಉಳಿಯುತ್ತದೆ ಅಂತ ತೋರಿಸಿದರು, ಮರಗಟ್ಟುವುದೂ ಉಂಟು ಅಂತ ಮುಚ್ಚಿಡದೆ ಹೇಳಿದರು. ಇಷ್ಟು ಕಡಿಮೆ ಯಾಕೆ ಅಂತ ನಾನೇ ಕೇಳಿಬಿಟ್ಟೆ. “ಇಲ್ಲಿ ಬಾಡಗಿ ಕಡಿಮಿ ತಾಯೀ, ಹೊರಗಿನವರು ಯಾರೂ ಬರಂಗಿಲ್ಲ. ಕೈ, ಕತ್ತರಿ ಎಲ್ಲಾ ಕಡೆ ಒಂದ” ಅಂದರು. ಜನವರಿಗೆ ಬರುತ್ತೇನೆ ಅಂದೆ.

ಹೊರಗೆ ಬಂದರೆ ಜಡಿಮಳೆ. ತಂಗುಮನೆಗೆ ಓಡಿ ಬರುವಷ್ಟರಲ್ಲಿ ಇಬ್ಬರೂ ತೊಪ್ಪೆ. ಅಮ್ಮ ನನ್ನೆದುರಿಗೇ ರವಿಕೆ ಬಿಚ್ಚಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವಳ ಭುಜ ನೋಡಿರಲಿಲ್ಲ. ನನ್ನದು ಹಳ್ಳವಾದರೆ ಅವಳದು ಕಾಲುವೆ, ಕಪ್ಪಗೆ ಗಟ್ಟಿಯಾಗಿಹೋಗಿದೆ.

“ಅಮ್ಮಾ, ನೋವಾಗಲ್ವಾ?”

“ನೀ ನಾಕನೇ ಕ್ಲಾಸಿನ್ಯಾಗ ಇದ್ದಾಗ ನಾನೂ ಕೇಳಾಕ ಹೋಗಿದ್ದೆ,” ಅಂದಳು.

“ಏನನ್ನ?”

“ಇದಕ್ಕ ಎಷ್ಟಾಕ್ಕೈತಿ ಅಂತ. ಕಾಲಿಯೊಳಗ ಒಬ್ಬ ಡಾಕ್ಟರ ಇದ್ದ. ರೊಕ್ಕ ಹೇಳಿದ. ಆಲೂಗಡ್ಡಿ ಮಾರಿ ಅಷ್ಟು ಕೂಡಿಸಿದ್ದೆ. ಗಂಡನ ಸಹಿ ತಗೊಂಡ ಬಾ ಅಂದ.”

“ಅಪ್ಪ ಏನಂದ?”

“ನಕ್ಕ. ನನ್ನ ಆಸ್ತಿಗೆ ಕತ್ತರಿ ಹಾಕಾಕ ನಾನ ಸಹಿ ಮಾಡ್ಲೇನು ಅಂದ. ಅಷ್ಟಕ್ಕ ಬಿಟ್ಟಿದ್ರ ನಡೀತಿತ್ತು. ಸಂಜಿಗೆ ಡಾಮಿನೊ ಆಡಾಕ ಬಂದವರ ಮುಂದ ಹೇಳಿದ. ನಾ ಕಾಫಿ ತಗೊಂಡ ಹೊರಗ ಬಂದ್ನಿ, ಎಲ್ಲಾರೂ ನಗಾಕತ್ತಿದ್ರು. ನಾನೂ ನಕ್ಕೆ. ಮತ್ತೇನ ಮಾಡ್ಲಿ?”

“ಕೂಡಿಸಿದ್ದ ದುಡ್ಡು?”

“ಅದರಾಗ ನಿಮ್ಮಪ್ಪ ಹಾಡಿನ ಪೆಟ್ಟಿಗಿ ತಂದ.” ಒಣಗಿದ ದಪ್ಪ ಶಾಲನ್ನು ಹೊದ್ದು ಹಾಸಿಗೆಯ ಅಂಚಿಗೆ ಕೂತಳು. “ನೀ ದರ ಕೇಳಾಕ ಶುರು ಮಾಡಿದಾಗ ನಂಗ ಹೊಟ್ಟಿಕಿಚ್ಚಾತು. ಹೆತ್ತ ಮಗಳ ಮ್ಯಾಲ. ನಿನಗ ಯಾರ ಸಹಿನೂ ಬೇಕಾಗಿಲ್ಲಲ್ಲ.”

ಅವಳು ಇಷ್ಟನ್ನೂ ತನ್ನೂರಿನ ಮಾತಿನಲ್ಲೇ ಹೇಳಿದಳು. ಅಪ್ಪನ ಪರವಾಗಿ ಏನಾದರೂ ಹೇಳೋಣವೆಂದು ಬಾಯಿ ತೆರೆದೆ, ಆಗಿನ ಕಾಲ ಹಾಗಿತ್ತು ಅಂತಲೋ ಏನೋ. ಬದಲಿಗೆ ಅವಳ ಒದ್ದೆ ಬಟ್ಟೆಗಳನ್ನು ಹಿಂಡಿ ಹರವಿದೆ.

ನವೆಂಬರ್ 24, ಭಾನುವಾರ

ತಲೆನೋವು. ರೆಕಾರ್ಡು ಹಾಕಲಿಲ್ಲ. ಅಮ್ಮ ಬಟಾಣಿ ಸಾರು ಮಾಡಿದ್ದಳು, ಎರಡು ಸಲ ಹಾಕಿಸಿಕೊಂಡು ತಿಂದೆ.

ಡಿಸೆಂಬರ್ 16

ನಾತಿಯೆರಾ ಒಡೆದೆವು. ಮಾರಿತ್ಸಾ ಎಲ್ಲರಿಗೂ ನಾತಿಯಾ ಸಿಹಿ ಹಂಚಿ ಆಮೇಲೆ ಲಕೋಟೆ ಕೊಟ್ಟಳು. ನನ್ನದು ಅಂದುಕೊಂಡಂತೆ ತೊಂಬತ್ತು ಲಕ್ಷ. ಪಾಸ್ತೊದ ದರ ಕಳೆದರೂ ಇನ್ನೂ ಉಳಿಯುತ್ತದೆ. ಖುಷಿಯಾಗಬೇಕಿತ್ತು.

ಮನೆಗೆ ಬಂದು, “ಅಮ್ಮಾ, ನೀನೂ ಮಾಡಿಸ್ಕೋ” ಅಂದೆ.

“ಹುಚ್ಚಾ ನಿಂಗೆ? ಈ ವಯಸ್ಸಲ್ಲಿ ಯಾರು ನೋಡ್ಬೇಕು ನನ್ನ?”

“ನನ್ನನ್ನ ಯಾರು ನೋಡ್ತಿದಾರೆ?”

ನನ್ನ ಗಂಡ ಬಿಟ್ಟುಹೋದದ್ದು ಯಾವ ಕಾಲದಲ್ಲೋ. “ದುಡ್ಡೆಲ್ಲಿದೆ?” ಅಂದಳು. ಬೇಡ ಅನ್ನಲಿಲ್ಲ, ದುಡ್ಡೆಲ್ಲಿದೆ ಅಂದಳು. ನಾಳೆಯೇ ಎಳೆದುಕೊಂಡು ಹೋಗಿ ರಕ್ತ, ಹೃದಯ, ಎಲ್ಲ ಪರೀಕ್ಷೆ ಮಾಡಿಸಬೇಕು. ಕಾಗದಗಳನ್ನು ಲಕೋಟೆಗೆ ಹಾಕಿ ಅಂಟಿಸಿ ಎವೇಲಿಯೊ ಕೈಯಲ್ಲಿ ಡಾಕ್ಟರಿಗೆ ಕಳಿಸುತ್ತೇನೆ. ಈ ಸಲ ಎಲ್ಲರಿಗೂ ಹಂಚಿದರೆ ಅವನ ಬಸ್ಸಿಗೆ ಒಂದು ಟಿಕೆಟ್ಟೂ ಹರಿಯುವುದಿಲ್ಲ ಅಂತ ಹೇಳಿಯೇ ಕೊಡುತ್ತೇನೆ.

ಡಿಸೆಂಬರ್ 23

ಡಾಕ್ಟರು ಆಗಬಹುದು ಅಂದರಂತೆ. ಹೃದಯ ಗಟ್ಟಿಯಾಗಿದೆಯಂತೆ. ಎವೇಲಿಯೊ ಕಿವಿಯಲ್ಲಿ ಹೇಳಿದ.

ಡಿಸೆಂಬರ್ 28

ಜಾತ್ರೆಯ ವಾರ. ರೆಕಾರ್ಡು ಸಂಗ್ರಹಿಸುವವರ ಮೇಳಕ್ಕೆ ಎಲ್ಲ ಪೆಟ್ಟಿಗೆಗಳನ್ನೂ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹೋದೆ. ಮೂಲೆಮನೆಯವನೇ ಬಹುಪಾಲು ಕೊಂಡ. ಒಂದೊಂದನ್ನೂ ಮೂಸಿ, ಬೆಳಕಿಗೆ ಹಿಡಿದು, “ನಿಮ್ಮಪ್ಪ ರಾಜನ ಹಾಗೆ ನೋಡ್ಕೊಂಡಿದಾನೆ ಕಣಮ್ಮ” ಅಂದ. ಹೌದು, ರೆಕಾರ್ಡುಗಳನ್ನು ಹಾಗೆಯೇ ನೋಡಿಕೊಂಡ. ಎಪ್ಪತ್ತು ಲಕ್ಷ ಬರುತ್ತದೆ ಅಂದುಕೊಂಡಿದ್ದೆ, ಅರವತ್ತು ಬಂತು. ಆ ಹಾಡಿನ ಪೆಟ್ಟಿಗೆಯನ್ನೂ ಕೊಟ್ಟುಬಿಟ್ಟೆ.

“ಒಂದನ್ನಾದ್ರೂ ಇಟ್ಕೊಳ್ಳಮ್ಮ, ನೆನಪಿಗೆ,” ಅಂದ. ಟ್ಯಾಕ್ಸಿ ಕಾಯುತ್ತಿತ್ತು. ಬೇಡ ಅಂದೆ.

ಹಿಂದಿರುಗುವಾಗ ಬೀದಿಯಲ್ಲಿ ಎಲ್ಲೋ ಅಪ್ಪನ ಇಷ್ಟದ ಹಾಡು ಬರುತ್ತಿತ್ತು. ಕಾಲು ತಾನಾಗಿ ತಾಳ ಹಾಕಿತು. ಅವನ ಬಿಳಿ ಬೂಟು ನೆನಪಾಯಿತು, ಕಣ್ಣು ತುಂಬಿತು. ಎರಡೂ ನಿಜ, ಏನು ಮಾಡಲಿ.

ಬರಿದಾದ ಗೋಡೆ ನೋಡಿ ಅಮ್ಮ ಸೋಫಾದ ಮೇಲೆ ಕುಸಿದಳು. ಆಮೇಲೆ, “ಈ ಮನೆ ಇಷ್ಟು ದೊಡ್ಡದಿತ್ತಾ?” ಅಂದಳು.

ಒಟ್ಟು ಒಂದೂವರೆ ಕೋಟಿ. ಕಾಲಿಯಲ್ಲಿ ಒಬ್ಬಳಿಗೆ ಆಗುವ ದುಡ್ಡು. ಪಾಸ್ತೊದಲ್ಲಿ ಇಬ್ಬರಿಗೆ ಇನ್ನೂ ಹತ್ತು ಲಕ್ಷ ಕಡಿಮೆ. ಸಾಲ ಮಾಡುವುದಕ್ಕೆ ಅಮ್ಮ ಸುತರಾಂ ಒಪ್ಪುವುದಿಲ್ಲ. “ಆಗದಿದ್ರೆ ನೀನು ಮಾಡಿಸ್ಕೋ, ನಾನು ನಿನ್ನ ಆರೈಕೆ ಮಾಡ್ತೀನಿ” ಅನ್ನುತ್ತಿದ್ದಾಳೆ. ಆ ದನಿ ನನಗೆ ಈಗ ಗುರುತು ಸಿಗುತ್ತದೆ. ಅದೇ ದನಿಯಲ್ಲಿ ಅವಳು ಜನ್ಮವಿಡೀ ನಕ್ಕದ್ದು.

ಜನವರಿ 10, ಪಾಸ್ತೊ

ಇವತ್ತಿನದನ್ನು ಬರೆದೇ ಮಲಗುತ್ತೇನೆ.

ಆಸ್ಪತ್ರೆಯಲ್ಲಿ ದುಡ್ಡಿನ ಕಿಟಕಿಯ ಹಿಂದೆ ಕೆಂಪು ಕೆನ್ನೆಯ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕುರ್ಚಿ ಎಳೆದು ಕೂತಳು.

“ಇಬ್ಬರಿಗೂ ಕೂಡಿ ಎಷ್ಟ ತಗೋತೀರಿ?”

“ಒಬ್ಬರಿಗೆ ಎಂಬತ್ತ ಲಕ್ಷರೀ ಅವ್ವಾರ. ಇಬ್ಬರಿಗೆ ಕೋಟಿ ಅರವತ್ತ.”

“ಅಲ್ಲವ್ವಾ, ಒಂದ ಚೀಲ ಆಲೂಗಡ್ಡಿ ಒಯ್ದ್ರ ಒಂದ ರೇಟು, ಎರಡ ಚೀಲ ಒಯ್ದ್ರ ಒಂದ ರೇಟು ಇರ್ತೈತೋ ಇಲ್ಲೋ?”

“ಇವು ಆಲೂಗಡ್ಡಿ ಅಲ್ರಲಾ.”

“ತೂಕದಾಗ ಭಾಳ ಫರಕ ಇಲ್ಲ ಬಿಡು.”

ಸಾಲಿನಲ್ಲಿದ್ದವರು ನಕ್ಕರು. ಅಮ್ಮನಿಗೆ ಅದು ಲೆಕ್ಕಕ್ಕೇ ಇಲ್ಲ. ಯಾವೂರಾಕಿ ನೀ ಅಂತ ಕೇಳಿದಳು. ಆ ಹೆಂಗಸು ತನ್ನ ಹಳ್ಳಿ ಹೇಳಿದಳು. ಅಮ್ಮ ಅಂದಳು: “ನಾ ಕಟಂಬೂಕೊದಾಕಿ. ಐವತ್ತ ವರ್ಷ ಆತು ಬಿಟ್ಟು. ನಮ್ಮ ಮಣ್ಣಿನಾಗ ಬೆಳದದ್ದ ಇವು, ನಿಮ್ಮ ಕೈಯಾಗ ಕೊಡಾಕ ಬಂದೀನಿ. ಡಾಕ್ಟರಿಗೆ ಕೇಳಿ ಬಾ ಹೋಗು. ಕೋಟಿ ಐವತ್ತು.”

ಆ ಹೆಂಗಸು ಒಳಗೆ ಹೋಗಿ ಬಂದಳು. ಕೋಟಿ ಐವತ್ತೈದು ಅಂದಳು.

ಅಮ್ಮ ಎದ್ದಳು. ಚೀಲ ಹೆಗಲಿಗೇರಿಸಿದಳು. ಬಾಗಿಲ ಕಡೆ ನಡೆದೇಬಿಟ್ಟಳು. ಮಾರುಕಟ್ಟೆಯಲ್ಲಿ ಅವಳು ಹಾಗೆ ಹೊರಟರೆ ವ್ಯಾಪಾರದ ಆಟ ಅಂತ ಗೊತ್ತಾಗುತ್ತಿತ್ತು. ಇಲ್ಲಿ ನನಗೆ ಗೊತ್ತಾಗಲಿಲ್ಲ. ನಿಜವಾಗಿಯೂ ಹೋಗುತ್ತಿದ್ದಾಳೆ, ನನಗೊಬ್ಬಳಿಗೆ ಬಿಟ್ಟುಕೊಟ್ಟು ಹೋಗುತ್ತಿದ್ದಾಳೆ ಅನ್ನಿಸಿತು. ನನ್ನದೂ ಬೇಡ ಅಂತ ಹೇಳಲು ಎದ್ದು ನಿಂತೆ.

“ಅವ್ವಾರ, ಬರ್ರಿಲ್ಲಿ,” ಆ ಹೆಂಗಸು ಕೂಗಿದಳು. ಈ ಸಲ ಡಾಕ್ಟರೇ ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಿದ್ದರು. “ಕೋಟಿ ಐವತ್ತಕ್ಕ ಮಾಡೂಣಂತ. ಔಷಧ ಖರ್ಚು ನಿಮ್ಮದು.”

ಅಮ್ಮ ತಿರುಗಿ ಬಂದು ಕೂತಳು. ಹಣೆಯ ಬೆವರು ಒರೆಸಿಕೊಂಡಳು. ಔಷಧಕ್ಕೇನು, ಮಾರಿತ್ಸಾ ಈ ವರ್ಷದ ನಾತಿಯೆರಾದ ನನ್ನ ಪಾಲಿನಿಂದ ಮುಂಗಡ ಕೊಡುತ್ತಾಳೆ.

ಹೆಂಗಸು ದಿನಗಳನ್ನು ಹೇಳಿದಳು. ಒಂದು ಬರುವ ಮಂಗಳವಾರ ಖಾಲಿಯಿದೆ, ಇನ್ನೊಂದು ಫೆಬ್ರವರಿ ಕೊನೆಗೆ. “ಯಾರ ಹೆಸರ ಮೊದಲ ಬರೀಲಿ?”

ಮನೆಯಲ್ಲಿ ಕೋಳಿಯ ತೊಡೆ, ಬಿಸಿನೀರು, ಕಿಟಕಿ ಸೀಟು, ಯಾವುದನ್ನೂ ಅಮ್ಮ ಮೊದಲು ತೆಗೆದುಕೊಂಡದ್ದು ನಾನು ನೋಡಿಲ್ಲ. ಅವಳು ನನ್ನ ಹೆಸರು ಹೇಳುತ್ತಾಳೆ, ನಾನು ಬೇಡ ಅನ್ನಬೇಕು, ಜಗಳವಾಗುತ್ತದೆ ಅಂತ ಮಾತು ಜೋಡಿಸಿಕೊಳ್ಳುತ್ತಿದ್ದೆ.

“ನಂದು ಬರಿಯವ್ವಾ,” ಅಂದಳು ಅಮ್ಮ. “ನಾ ಭಾಳ ದಿನದಿಂದ ಕಾಯಾಕತ್ತೀನಿ.”